ಯಂತ್ರದ ಅಂಕಿ ನಮ್ಮ ಕಣ್ಣಿಗೂ ಕಾಣಲಿ



ನಮ್ಮ ದುಡಿಮೆಗೆ ಬೆಲೆ ಕಟ್ಟುವುದು ಈಗ ಕಾರ್ಯದರ್ಶಿಯೂ ಅಲ್ಲ, ಹಾಲು ಪರೀಕ್ಷಕರೂ ಅಲ್ಲ. ಸಂಘದ ಮೇಜಿನ ಮೇಲೆ ಕೂತಿರುವ ಎರಡು ಪೆಟ್ಟಿಗೆಗಳು. ಒಂದು ತೂಕ ಹೇಳುತ್ತದೆ, ಇನ್ನೊಂದು ಫ್ಯಾಟು, ಎಸ್.ಎನ್.ಎಫ್. ಹೇಳುತ್ತದೆ. ಅವೆರಡೂ ಹೇಳಿದ್ದನ್ನು ಕಂಪ್ಯೂಟರ್ ಗುಣಿಸಿ ಚೀಟಿ ಕೊಡುತ್ತದೆ. ಬೆಳಿಗ್ಗೆ ಒಂದು ನಿಮಿಷ, ಸಂಜೆ ಒಂದು ನಿಮಿಷ. ಹುಲ್ಲು ಕೊಯ್ದು, ಸಗಣಿ ಬಾಚಿ, ಮೈ ತೊಳೆದು, ಹಿಂಡಿ ಇಟ್ಟು, ಹಾಲು ಕರೆದ ಇಡೀ ದಿನದ ಕೆಲಸದ ಬೆಲೆ ಆ ಎರಡು ನಿಮಿಷಗಳಲ್ಲಿ ತೀರ್ಮಾನವಾಗಿಬಿಡುತ್ತದೆ.

ಈ ಯಂತ್ರಗಳು ಬೇಡ ಎಂದು ನಾನು ಬರೆಯುತ್ತಿಲ್ಲ. ಬೇಕೇ ಬೇಕು. ಆದರೆ ಅವು ಹೇಳುವ ಅಂಕಿಯನ್ನು ಓದುವ, ಪ್ರಶ್ನಿಸುವ, ಮತ್ತೊಮ್ಮೆ ಪರೀಕ್ಷೆ ಮಾಡಿಸುವ ಹಕ್ಕು ಹಾಲು ಹಾಕುವ ಹೆಣ್ಣುಮಗಳಿಗೆ ಇರಬೇಕು. ಆ ಹಕ್ಕು ಸಂಘದ ಗೋಡೆಯ ಮೇಲೆ ಬರೆದು ಹಾಕಿರಬೇಕು. ಇದು ನನ್ನ ವಾದ.

ಪೆಟ್ಟಿಗೆಯೊಳಗಿನ ಚಿಪ್ಪು

ಕಂಪ್ಯೂಟರ್ ಎಂದರೆ ಪರದೆ, ಕೀಲಿಮಣೆ ಇರುವ ಯಂತ್ರ ಎಂದು ನಮ್ಮ ಎಣಿಕೆ. ಆದರೆ ಇವತ್ತು ನಮ್ಮ ಸುತ್ತ ಇರುವ ಹೆಚ್ಚಿನ ಕಂಪ್ಯೂಟರುಗಳಿಗೆ ಪರದೆಯೂ ಇಲ್ಲ, ಕೀಲಿಮಣೆಯೂ ಇಲ್ಲ. ಬೇರೆ ಯಾವುದೋ ಸಾಮಾನಿನ ಹೊಟ್ಟೆಯೊಳಗೆ ಅವು ಅಡಗಿ ಕೂತಿರುತ್ತವೆ. ಇದನ್ನೇ ಎಂಬೆಡೆಡ್ ತಂತ್ರಜ್ಞಾನ ಎನ್ನುತ್ತಾರೆ. ಉಗುರಿನಷ್ಟು ಅಗಲದ ಒಂದು ಚಿಪ್ಪು, ಅದಕ್ಕೆ ಒಂದೇ ಕೆಲಸ, ಹುಟ್ಟಿದಂದಿನಿಂದ ಕೆಡುವವರೆಗೆ ಅದೇ ಕೆಲಸ.

ಮನೆಯ ಡಿಜಿಟಲ್ ಕರೆಂಟ್ ಮೀಟರ್‌ನಲ್ಲಿ ಅದು ಇದೆ. ಇಂಡಕ್ಷನ್ ಒಲೆಯಲ್ಲಿದೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಯಂತ್ರದಲ್ಲಿದೆ. ತೋಟದ ಬೋರ್‌ವೆಲ್ ಮೋಟಾರನ್ನು ಮನೆಯಿಂದಲೇ ಫೋನ್ ಮಾಡಿ ಹಚ್ಚುವ ಮೊಬೈಲ್ ಸ್ಟಾರ್ಟರ್‌ನಲ್ಲಿದೆ. ಬಸ್ಸಿನ ಕಂಡಕ್ಟರ್ ಟಿಕೆಟ್ ಕೊಡುವ ಯಂತ್ರದಲ್ಲಿದೆ. ಸಂಘದ ತೂಕದ ಯಂತ್ರ, ಹಾಲು ಪರೀಕ್ಷಾ ಯಂತ್ರ, ಬಿ.ಎಂ.ಸಿ. ಟ್ಯಾಂಕು ಎಲ್ಲದರಲ್ಲೂ ಇದೆ.

ಇವುಗಳ ಒಂದು ಗುಣ ನಾವು ತಿಳಿದಿರಬೇಕು. ಹೊರಗಿನಿಂದ ನೋಡಿದರೆ ಒಳಗೆ ಏನಾಗುತ್ತಿದೆ ಎಂದು ಗೊತ್ತಾಗುವುದಿಲ್ಲ. ಹಳೆಯ ತಕ್ಕಡಿಯಲ್ಲಿ ಮುಳ್ಳು ಯಾವ ಕಡೆ ವಾಲಿದೆ ಎಂದು ಓದು ಬಾರದ ಅಜ್ಜಿಗೂ ಕಾಣುತ್ತಿತ್ತು. ಈಗ ಕಾಣುವುದು ಕೆಂಪು ಅಂಕಿ ಮಾತ್ರ. ಅಂಕಿ ಸರಿಯೋ ತಪ್ಪೋ ಎನ್ನುವುದನ್ನು ಕಣ್ಣಿನಿಂದ ಹೇಳಲಾಗದು. ಅದಕ್ಕೇ ಅದನ್ನು ಆಗಾಗ ತಾಳೆ ನೋಡುವ ಏರ್ಪಾಡು ಬೇಕು.

ಯಂತ್ರ ಬಂದದ್ದು ಒಳ್ಳೆಯದಕ್ಕೇ

ಹಳಬರಿಗೆ ನೆನಪಿರಬಹುದು. ಲೀಟರ್ ಅಳತೆಯಲ್ಲಿ ಹಾಲು ಅಳೆಯುತ್ತಿದ್ದ ಕಾಲದಲ್ಲಿ ಅಳತೆ ತುಂಬಿ ಚೆಲ್ಲಿದ ಹಾಲು ಯಾರ ಲೆಕ್ಕಕ್ಕೆ ಎನ್ನುವುದೇ ಜಗಳ. ಲ್ಯಾಕ್ಟೋಮೀಟರ್ ಬಿಟ್ಟು 'ಡಿಗ್ರಿ' ಕೂಗುತ್ತಿದ್ದರು. ಜಿಡ್ಡಿನ ಪರೀಕ್ಷೆ ಎಂದರೆ ಗರ್ಬರ್ ವಿಧಾನ. ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರ್ 1891ರ ಸುಮಾರಿಗೆ ಕಂಡುಹಿಡಿದದ್ದು. ಬ್ಯುಟಿರೋಮೀಟರ್ ಎಂಬ ಗಾಜಿನ ಕೊಳವೆಗೆ 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೊಹಾಲ್ ಹಾಕಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲೆ ತೇಲಿ ನಿಂತ ಜಿಡ್ಡಿನ ಗೆರೆ ಓದುವುದು. ಪರೀಕ್ಷೆ ನಂಬಿಗಸ್ಥ, ಆದರೆ ಹೊತ್ತು ಹಿಡಿಯುತ್ತದೆ, ಆಮ್ಲ ಕೈ ಸುಡುತ್ತದೆ. ಹಾಲು ಹಾಕುವವರು ಸಾಲಿನಲ್ಲಿ ನಿಂತಿರುವಾಗಲೇ ಪ್ರತಿಯೊಬ್ಬರ ಮುಂದೆ ಮಾಡಿ ತೋರಿಸುವುದು ಆಗದ ಮಾತು. ಹಾಗಾಗಿ ಫ್ಯಾಟು ಎಷ್ಟು ಬಂತು ಎನ್ನುವುದು ಆಮೇಲೆ ಪುಸ್ತಕದಲ್ಲಿ ಕಾಣುತ್ತಿತ್ತು. ನಮ್ಮ ಕಣ್ಣೆದುರಿಗಲ್ಲ.

1990ರ ದಶಕದಲ್ಲಿ ಗುಜರಾತಿನ ಆನಂದ್ ಸುತ್ತಮುತ್ತಲ ಸಂಘಗಳಲ್ಲಿ ತೂಕ, ಪರೀಕ್ಷೆ, ಲೆಕ್ಕ, ಚೀಟಿ ನಾಲ್ಕನ್ನೂ ಒಂದಕ್ಕೊಂದು ಜೋಡಿಸಿದ ಸ್ವಯಂಚಾಲಿತ ಹಾಲು ಸಂಗ್ರಹಣಾ ಘಟಕ ಬಂತು. ಅಲ್ಲಿಂದ ಅದು ದೇಶದ ಉದ್ದಗಲಕ್ಕೆ ಹರಡಿ ನಮ್ಮ ಸಂಘಗಳಿಗೂ ಬಂದಿದೆ. ಕೊಡಗಿನ ಕೂಡಿಗೆಯಲ್ಲಿ 1955ರಲ್ಲಿ ರಾಜ್ಯದ ಮೊದಲ ಡೈರಿ ಶುರುವಾದಾಗಿನಿಂದ, 1974ರ ಡೇರಿ ಅಭಿವೃದ್ಧಿ ಯೋಜನೆ, 1984ರಲ್ಲಿ ಮಹಾಮಂಡಳ ಎಲ್ಲವನ್ನೂ ದಾಟಿ ಬಂದ ನಮ್ಮ ಸಹಕಾರಿ ವ್ಯವಸ್ಥೆಯಲ್ಲಿ ಇದು ದೊಡ್ಡ ಹೆಜ್ಜೆ.

ಇದರಿಂದ ಹೆಣ್ಣುಮಕ್ಕಳಿಗೆ ಏನು ಸಿಕ್ಕಿತು? ಮೊದಲನೆಯದಾಗಿ, ಮುಖ ನೋಡಿ ಮಣೆ ಹಾಕುವುದು ತಪ್ಪಿತು. ದೊಡ್ಡ ಮನೆಯವರ ಹಾಲಿಗೂ ಒಂದೇ ಯಂತ್ರ, ಒಂದು ಹಸು ಕಟ್ಟಿಕೊಂಡ ವಿಧವೆಯ ಹಾಲಿಗೂ ಅದೇ ಯಂತ್ರ. ಎರಡನೆಯದಾಗಿ, ಚೀಟಿ ಕೈಗೆ ಬಂತು. ಮೂರನೆಯದಾಗಿ, ಒಳ್ಳೆಯ ಹಾಲಿಗೆ ಒಳ್ಳೆಯ ದರ ಅವತ್ತೇ ಗೊತ್ತಾಯಿತು. ಇದೆಲ್ಲ ಸಣ್ಣ ಲಾಭವಲ್ಲ. ಅದನ್ನು ಉಳಿಸಿಕೊಳ್ಳಬೇಕು ಎಂದೇ ಮುಂದಿನ ಮಾತು ಹೇಳುತ್ತಿದ್ದೇನೆ.

ತೂಕದ ಮಾತು

ಎಲೆಕ್ಟ್ರಾನಿಕ್ ತೂಕದ ಯಂತ್ರದ ತಟ್ಟೆಯ ಕೆಳಗೆ ಲೋಡ್ ಸೆಲ್ ಎಂಬ ಲೋಹದ ತುಂಡು ಇರುತ್ತದೆ. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆ ಬಾಗುವಿಕೆಯನ್ನು ಚಿಪ್ಪು ಓದಿ ಕಿಲೋ ಎಂದು ತೋರಿಸುತ್ತದೆ. ಯಂತ್ರದ ನಾಲ್ಕು ಕಾಲೂ ಸಮವಾಗಿ ಊರಿರದಿದ್ದರೆ, ತಟ್ಟೆಯ ಅಂಚು ಗೋಡೆಗೆ ತಾಗುತ್ತಿದ್ದರೆ, ತಟ್ಟೆಯ ಕೆಳಗೆ ಹಾಲಿನ ಕೆನೆ, ಕಸ ಗಟ್ಟಿಯಾಗಿ ಕೂತಿದ್ದರೆ ಅಂಕಿ ತಪ್ಪುತ್ತದೆ. ಇದರಲ್ಲಿ ಯಾರ ಮೋಸವೂ ಇರಬೇಕಿಲ್ಲ.

ಸಣ್ಣ ತಪ್ಪು ಎಷ್ಟು ದೊಡ್ಡದಾಗುತ್ತದೆ ನೋಡಿ. ಒಂದು ಹೊತ್ತಿಗೆ 50 ಗ್ರಾಂ ಕಡಿಮೆ ತೋರಿಸಿತು ಎಂದುಕೊಳ್ಳಿ. ಎರಡು ಹೊತ್ತಿಗೆ 100 ಗ್ರಾಂ. ವರ್ಷಕ್ಕೆ 36 ಕಿಲೋ 500 ಗ್ರಾಂ. ಒಬ್ಬ ಸದಸ್ಯೆಯ ಲೆಕ್ಕ ಇದು. 100 ಸದಸ್ಯರಿರುವ ಸಂಘದಲ್ಲಿ 3,650 ಕಿಲೋ. ಅಷ್ಟು ಹಾಲು ಯಾರದೋ ಕೊಟ್ಟಿಗೆಯಿಂದ ಬಂದಿದೆ, ಯಾರ ಪುಸ್ತಕದಲ್ಲೂ ಇಲ್ಲ. ಯಂತ್ರ ಹೆಚ್ಚು ತೋರಿಸಿದರೂ ತೊಂದರೆಯೇ. ಒಕ್ಕೂಟದ ಲೆಕ್ಕದಲ್ಲಿ ಸಂಘಕ್ಕೆ ಕೊರತೆ ಬೀಳುತ್ತದೆ, ಅದು ಕೊನೆಗೆ ಎಲ್ಲರ ಬೋನಸ್ಸಿನಲ್ಲಿ ಕಡಿತವಾಗುತ್ತದೆ.

ಇನ್ನೊಂದು ವಿಷಯ: ಕಿಲೋ ಬೇರೆ, ಲೀಟರ್ ಬೇರೆ. ಹಾಲು ನೀರಿಗಿಂತ ಸ್ವಲ್ಪ ಭಾರ. ಒಂದು ಲೀಟರ್ ಹಾಲು ಸುಮಾರು 1 ಕಿಲೋ 30 ಗ್ರಾಂ ತೂಗುತ್ತದೆ. 10 ಲೀಟರ್ ಹಾಲು ಸುಮಾರು 10 ಕಿಲೋ 300 ಗ್ರಾಂ. ಯಂತ್ರ ತೂಗುವುದು ಕಿಲೋ ಲೆಕ್ಕದಲ್ಲಿ, ದರ ಹೇಳುವುದು ಲೀಟರ್ ಲೆಕ್ಕದಲ್ಲಾದರೆ ನಡುವೆ ಒಂದು ಭಾಗಾಕಾರ ನಡೆಯುತ್ತದೆ. ಮನೆಯಲ್ಲಿ ತೂಗಿದ್ದಕ್ಕೂ ಚೀಟಿಗೂ ತಾಳೆ ಬರಲಿಲ್ಲ ಎಂದು ಕೆಲವರು ಬೇಸರ ಮಾಡಿಕೊಳ್ಳುವುದು ಇದರಿಂದಲೂ ಇರಬಹುದು. ಚೀಟಿಯಲ್ಲಿ ಬರೆದಿರುವುದು ಕಿಲೋನೋ ಲೀಟರೋ ಎಂದು ನೋಡಿಕೊಳ್ಳಿ. ಬರೆದಿಲ್ಲದಿದ್ದರೆ ಬರೆಸಿ ಎಂದು ಕೇಳಿ.

ತೂಕದ ಯಂತ್ರದ ಮೇಲೆ ಕಾನೂನಿನ ಕಾವಲು ಇದೆ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರ ವ್ಯಾಪಾರಕ್ಕೆ ಬಳಸುವ ಎಲೆಕ್ಟ್ರಾನಿಕ್ ತೂಕದ ಯಂತ್ರವನ್ನು ವರ್ಷಕ್ಕೊಮ್ಮೆ ಪರಿಶೀಲಿಸಿ ಮುದ್ರೆ ಹಾಕಿಸಬೇಕು. ಆ ಮುದ್ರೆಯ ಪ್ರಮಾಣಪತ್ರ ಸಂಘದ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಇರಲಿ. ಅದರ ಜೊತೆಗೆ ಮುದ್ರೆಯಿರುವ 5 ಕಿಲೋದ ಒಂದು ತೂಕದ ಬಟ್ಟು ಸಂಘದಲ್ಲಿರಲಿ. ಬೆಳಿಗ್ಗೆ ಮೊದಲ ಹಾಲು ಸುರಿಯುವ ಮುನ್ನ ಸಾಲಿನಲ್ಲಿ ಮೊದಲು ನಿಂತ ಸದಸ್ಯೆಯೇ ಅದನ್ನು ತಟ್ಟೆಯ ಮೇಲೆ ಇಡಲಿ. 5.000 ಬಂದರೆ ಹಾಲು ಶುರು ಮಾಡೋಣ. ಅರ್ಧ ನಿಮಿಷದ ಕೆಲಸ. ವರ್ಷಪೂರ್ತಿ ಅನುಮಾನ ಇರುವುದಿಲ್ಲ.

ಪರೀಕ್ಷಾ ಯಂತ್ರ ಹೇಗೆ ಓದುತ್ತದೆ

ಈಗ ಹಲವು ಸಂಘಗಳಲ್ಲಿರುವ ಪರೀಕ್ಷಾ ಯಂತ್ರ ಶಬ್ದದಿಂದ ಕೆಲಸ ಮಾಡುತ್ತದೆ. ಸ್ವಲ್ಪ ಹಾಲು ಒಳಗೆ ಎಳೆದುಕೊಂಡು, ಹದವಾಗಿ ಬಿಸಿ ಮಾಡಿ, ನಮ್ಮ ಕಿವಿಗೆ ಕೇಳದ ಶಬ್ದವನ್ನು ಅದರ ಮೂಲಕ ಹಾಯಿಸುತ್ತದೆ. ಹಾಲಿನಲ್ಲಿ ಜಿಡ್ಡು ಎಷ್ಟು, ಉಳಿದ ಘನಾಂಶ ಎಷ್ಟು ಎನ್ನುವುದಕ್ಕೆ ತಕ್ಕಂತೆ ಆ ಶಬ್ದದ ವೇಗ ಬದಲಾಗುತ್ತದೆ. ಚಿಪ್ಪು ಆ ವೇಗ ನೋಡಿ, ತನ್ನಲ್ಲಿ ಮೊದಲೇ ತುಂಬಿರುವ ಲೆಕ್ಕದ ಪ್ರಕಾರ ಫ್ಯಾಟು ಇಷ್ಟು, ಎಸ್.ಎನ್.ಎಫ್. ಇಷ್ಟು ಎಂದು ಹೇಳುತ್ತದೆ.

ಗರ್ಬರ್ ಪರೀಕ್ಷೆ ಜಿಡ್ಡನ್ನೇ ಬೇರೆ ಮಾಡಿ ತೋರಿಸುತ್ತದೆ. ಈ ಯಂತ್ರ ಜಿಡ್ಡನ್ನು ನೋಡುವುದಿಲ್ಲ, ಶಬ್ದದಿಂದ ಊಹಿಸುತ್ತದೆ. ಊಹೆ ಚೆನ್ನಾಗಿಯೇ ಇರುತ್ತದೆ. ಆದರೆ ಅದರ ಲೆಕ್ಕ ಸರಿಯಾಗಿ ಹೊಂದಿಸಿದ್ದರೆ ಮಾತ್ರ. ಹಸುವಿನ ಹಾಲಿಗೆ ಒಂದು ಹೊಂದಾಣಿಕೆ, ಎಮ್ಮೆಯ ಹಾಲಿಗೆ ಇನ್ನೊಂದು. ಎಮ್ಮೆ ಹಾಲನ್ನು ಹಸುವಿನ ಗುಂಡಿ ಒತ್ತಿ ಪರೀಕ್ಷಿಸಿದರೆ ಬರುವ ಅಂಕಿಯನ್ನು ನಂಬುವಂತಿಲ್ಲ.

ಯಂತ್ರ ತಪ್ಪು ಹೇಳುವುದಕ್ಕೆ ದಿನನಿತ್ಯದ ಕಾರಣಗಳೇ ಸಾಕು. ಹಾಲಿನಲ್ಲಿ ನೊರೆ ಇದ್ದರೆ ಗಾಳಿಯ ಗುಳ್ಳೆ ಶಬ್ದವನ್ನು ಕೆಡಿಸುತ್ತದೆ. ಹಾಲು ಚೆನ್ನಾಗಿ ಕಲಕದೆ ಮೇಲಿನ ಪದರದಿಂದ ಮಾದರಿ ತೆಗೆದರೆ ಕೆನೆ ಹೆಚ್ಚು, ತಳದಿಂದ ತೆಗೆದರೆ ಕಡಿಮೆ. ಹುಳಿ ತಿರುಗುತ್ತಿರುವ ಹಾಲು ಒಳಗೆ ಹೋದರೆ ಕೊಳವೆಯಲ್ಲಿ ಕಟ್ಟಿಕೊಳ್ಳುತ್ತದೆ. ಹಾಲು ತೆಗೆದ ಮೇಲೆ ಕ್ಲೀನಿಂಗ್ ದ್ರಾವಣ ಹಾಯಿಸದಿದ್ದರೆ ಹಿಂದಿನ ದಿನದ ಜಿಡ್ಡು, ಹಾಲುಗಲ್ಲು ಒಳಗೆ ಕೂತು ಮುಂದಿನವರ ಅಂಕಿಯನ್ನು ಬದಲಿಸುತ್ತದೆ. ಕರೆಂಟು ಏರುಪೇರಾದರೆ ಅದೂ ತೊಂದರೆ.

ಹಾಗಂತ ಫ್ಯಾಟು ಇಳಿದಾಗಲೆಲ್ಲ ಯಂತ್ರವನ್ನೇ ದೂರುವುದೂ ನ್ಯಾಯವಲ್ಲ. ರಾತ್ರಿಯ ಬಿಡುವು ಹೆಚ್ಚಾದರೆ ಬೆಳಗಿನ ಹಾಲು ಹೆಚ್ಚು, ಫ್ಯಾಟು ಕಡಿಮೆ. ಮೊದಲು ಬರುವ ಹಾಲು ತೆಳು, ಕೊನೆಗೆ ಬರುವ ಹಾಲಿನಲ್ಲೇ ಜಿಡ್ಡು. ಪೂರ್ತಿ ಕರೆಯದೆ ಕೊನೆಯ ಹಾಲನ್ನು ಕರುವಿಗೆ ಬಿಟ್ಟರೆ ನಾವು ಜಿಡ್ಡನ್ನೇ ಬಿಟ್ಟಂತೆ. ಕರುವಿಗೆ ಅದರ ಪಾಲು ಸಿಗಲೇಬೇಕು, ಅದನ್ನು ಮೊದಲು ಕುಡಿಸಿದರೆ ಎರಡೂ ಉಳಿಯುತ್ತದೆ. ಬರೀ ಹಸಿಹುಲ್ಲು ಹಾಕಿ ಒಣಹುಲ್ಲು ಬಿಟ್ಟರೂ ಫ್ಯಾಟು ಇಳಿಯುತ್ತದೆ. ಇವು ನಮ್ಮ ಕೈಯಲ್ಲಿರುವ ಕೆಲಸ.

'ನೀರು' ಎಂಬ ಕಾಲಂ

ಈಗ ಮುಖ್ಯ ಮಾತಿಗೆ ಬರುತ್ತೇನೆ. ಯಂತ್ರದ ಪರದೆಯ ಮೇಲೆ ಫ್ಯಾಟು, ಎಸ್.ಎನ್.ಎಫ್. ಜೊತೆಗೆ ಇನ್ನೊಂದು ಅಂಕಿ ಬರುತ್ತದೆ: ಹಾಲಿಗೆ ಸೇರಿದ ನೀರು ಶೇಕಡಾ ಇಷ್ಟು. ಆ ಜಾಗದಲ್ಲಿ ಸೊನ್ನೆ ಬಿಟ್ಟು ಬೇರೆ ಏನು ಬಂದರೂ ಸಾಲಿನಲ್ಲಿ ನಿಂತ ಎಲ್ಲರ ಕಣ್ಣೂ ಒಬ್ಬಳ ಮೇಲೆ ಬೀಳುತ್ತದೆ. 'ನೀರು ಹಾಕಿದ್ದಾಳೆ' ಎಂಬ ಮಾತು ಅವಳು ಮನೆ ತಲುಪುವ ಮುಂಚೆ ಊರು ತಲುಪಿರುತ್ತದೆ. ದುಡ್ಡು ಕಡಿಮೆಯಾದರೆ ಮುಂದಿನ ಬಟವಾಡೆಯಲ್ಲಿ ಸರಿ ಮಾಡಬಹುದು. ಹೋದ ಮಾನವನ್ನು ಯಾವ ಬಟವಾಡೆಯಲ್ಲಿ ಸರಿ ಮಾಡುವುದು?

ಶಬ್ದದಿಂದ ಓದುವ ಯಂತ್ರ ನೀರನ್ನು ನೇರವಾಗಿ ಅಳೆಯುವುದಿಲ್ಲ. ಎಸ್.ಎನ್.ಎಫ್. ಮುಂತಾದ ಅಂಕಿಗಳಿಂದ ಲೆಕ್ಕ ಹಾಕಿ ನೀರಿನ ಪ್ರಮಾಣ ಇಷ್ಟಿರಬಹುದು ಎನ್ನುತ್ತದೆ. ಅಂದರೆ ಎಸ್.ಎನ್.ಎಫ್. ಇಳಿದರೆ ಅದಕ್ಕೆ ನೀರಿನ ಅನುಮಾನ. ಆದರೆ ಎಸ್.ಎನ್.ಎಫ್. ಇಳಿಯಲು ನೀರೇ ಬೇಕಿಲ್ಲ. ಹಸುವಿಗೆ ಹೊಟ್ಟೆ ತುಂಬ ಮೇವಿಲ್ಲದಿದ್ದರೆ ಇಳಿಯುತ್ತದೆ. ಬೂಸಾ, ಪಶು ಆಹಾರ ದುಬಾರಿಯಾಗಿ ಕೈ ಬಿಗಿ ಹಿಡಿದ ತಿಂಗಳಲ್ಲಿ ಇಳಿಯುತ್ತದೆ. ಏಪ್ರಿಲ್, ಮೇ ಬಿಸಿಲಿಗೆ ಹಸು ಮೇವು ಬಿಟ್ಟರೆ ಇಳಿಯುತ್ತದೆ. ಕೆಚ್ಚಲು ಬಾವು ಒಳಗೊಳಗೇ ಶುರುವಾದರೆ, ಹೊರಗೆ ಊತ ಕಾಣುವ ಮುನ್ನವೇ ಹಾಲಿನ ಸಕ್ಕರೆ ಅಂಶ ಕಡಿಮೆಯಾಗಿ ಇಳಿಯುತ್ತದೆ. ಬಡತನಕ್ಕೂ ಕಾಯಿಲೆಗೂ ಯಂತ್ರ ಇಡುವ ಹೆಸರು ಒಂದೇ: ನೀರು.

ಹಸುವಿನ ಹಾಲಿನಲ್ಲಿ ಕನಿಷ್ಠ 3.2 ಫ್ಯಾಟು, 8.3 ಎಸ್.ಎನ್.ಎಫ್. ಇರಬೇಕು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಹೇಳುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ದರ ಕಡಿಮೆಯಾಗಲಿ, ಹಾಲು ವಾಪಸ್ಸೇ ಬರಲಿ, ಅದು ನಿಯಮ. ಗ್ರಾಹಕರ ಮಕ್ಕಳು ಕುಡಿಯುವ ಹಾಲು ಅದು, ನಿಯಮ ಬಿಗಿಯಾಗಿಯೇ ಇರಲಿ. ಆದರೆ ಹಾಲಿನ ಗುಣ ಕಡಿಮೆ ಎನ್ನುವುದು ಒಂದು ಮಾತು, ನೀನು ಮೋಸಗಾತಿ ಎನ್ನುವುದು ಇನ್ನೊಂದು ಮಾತು. ಮೊದಲನೆಯದನ್ನು ಯಂತ್ರ ಹೇಳಬಹುದು. ಎರಡನೆಯದನ್ನು ಹೇಳುವ ಅಧಿಕಾರ ಯಂತ್ರಕ್ಕಿಲ್ಲ.

ನೀರು ಸೇರಿದೆಯೇ ಎಂದು ತಿಳಿಯಲು ಸರಿಯಾದ ದಾರಿಗಳಿವೆ. ಶುದ್ಧ ಹಾಲು ಸೊನ್ನೆ ಡಿಗ್ರಿಗಿಂತ ಸುಮಾರು ಅರ್ಧ ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ನೀರು ಸೇರಿದಷ್ಟೂ ಆ ಬಿಂದು ಸೊನ್ನೆಯ ಕಡೆಗೆ ಸರಿಯುತ್ತದೆ. ಇದನ್ನು ನಿಜವಾಗಿ ಹೆಪ್ಪುಗಟ್ಟಿಸಿ ಅಳೆಯುವ ಉಪಕರಣ ಪ್ರಯೋಗಾಲಯದಲ್ಲಿರುತ್ತದೆ. ಅದಕ್ಕಿಂತ ಸರಳವಾದ ದಾರಿ ಕೊಟ್ಟಿಗೆಯಲ್ಲೇ ಇದೆ: ಪರೀಕ್ಷಕರು ಮನೆಗೆ ಬಂದು, ಎದುರಿಗೇ ಅದೇ ಹಸುವನ್ನು ಪೂರ್ತಿ ಕರೆಸಿ, ಆ ಹಾಲನ್ನು ಪರೀಕ್ಷಿಸುವುದು. ಅದರಲ್ಲೂ ಅದೇ ಅಂಕಿ ಬಂದರೆ ಹಸುವಿಗೆ ಚಿಕಿತ್ಸೆ, ಮೇವು ಬೇಕು. ಬೇರೆ ಅಂಕಿ ಬಂದರೆ ಆಮೇಲೆ ಮಾತಾಡೋಣ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. 'ನೀರು' ಕಾಲಂ ಸಾಲಿನ ಎದುರಿಗೆ ಕೂಗುವುದು ನಿಲ್ಲಲಿ. ಸತತ ಮೂರು ಹೊತ್ತು ಎಸ್.ಎನ್.ಎಫ್. ಇಳಿದ ಸದಸ್ಯೆಯ ಹೆಸರು ಕೃತಕ ಗರ್ಭಧಾರಣೆ ಕಾರ್ಯಕರ್ತರಿಗೋ ಪಶುವೈದ್ಯರಿಗೋ ಮೊದಲು ಹೋಗಲಿ, ಕೆಚ್ಚಲು ಬಾವಿನ ಪರೀಕ್ಷೆ ಆಗಲಿ. ಅದೇ ಅಂಕಿ ಆಗ ಬೈಗುಳವಾಗದೆ ರೋಗದ ಮುನ್ಸೂಚನೆಯಾಗುತ್ತದೆ. ಒಂದು ಮೊಲೆ ಬತ್ತಿಹೋಗುವುದನ್ನು ತಪ್ಪಿಸಿದರೆ ಅದು ಹಸುವಿಗೂ ಲಾಭ, ಮನೆಗೂ ಲಾಭ, ಸಂಘಕ್ಕೂ ಲಾಭ.

ಎದುರು ವಾದಕ್ಕೆ ಉತ್ತರ

ಕಾರ್ಯದರ್ಶಿಗಳು ಹೇಳುವುದೂ ಸುಳ್ಳಲ್ಲ. ಹಾಲಿನ ಲಾರಿ ಹೊತ್ತಿಗೆ ಸರಿಯಾಗಿ ಬರುತ್ತದೆ, ಒಬ್ಬೊಬ್ಬರಿಗೂ ವಿವರಿಸುತ್ತ ಕೂತರೆ ಹಾಲು ಹುಳಿಯಾಗುತ್ತದೆ. ನೀರು ಹಾಕುವವರು, ಎಸ್.ಎನ್.ಎಫ್. ಏರಿಸಲು ಸಕ್ಕರೆ, ಉಪ್ಪು, ಯೂರಿಯಾ ಬೆರೆಸುವವರು ಎಲ್ಲೋ ಒಬ್ಬಿಬ್ಬರು ಇದ್ದೇ ಇರುತ್ತಾರೆ, ಅವರನ್ನು ಬಿಟ್ಟರೆ ಇಡೀ ಸಂಘದ ಕ್ಯಾನು ವಾಪಸ್ಸು. ಈ ಮಾತು ಒಪ್ಪುತ್ತೇನೆ. ಆದರೆ ಅದೇ ಕಾರಣಕ್ಕೆ ಯಂತ್ರವೊಂದನ್ನೇ ನೆಚ್ಚಿಕೊಳ್ಳಬಾರದು. ಅಂಥ ವಸ್ತು ಬೆರೆಸಿ ಎಸ್.ಎನ್.ಎಫ್. ಅಂಕಿಯನ್ನು ಏರಿಸಿದವರು ಯಂತ್ರದ ಮುಂದೆ ಪಾಸಾಗುತ್ತಾರೆ, ಮೇವಿಲ್ಲದ ಹಸು ಸಾಕಿದ ಬಡ ಸದಸ್ಯೆ ಫೇಲಾಗುತ್ತಾಳೆ. ಹೀಗಾಗಬಾರದು ಎಂದರೆ ಯಂತ್ರದ ಜೊತೆಗೆ ಮನುಷ್ಯರ ಪರೀಕ್ಷೆಯೂ ಬೇಕು.

'ಹೆಂಗಸರಿಗೆ ಇದೆಲ್ಲ ತಿಳಿಯುವುದಿಲ್ಲ' ಎನ್ನುವ ಇನ್ನೊಂದು ಮಾತಿದೆ. ಕರು ಹಾಕುವ ದಿನವನ್ನು ಬೆರಳಲ್ಲಿ ಎಣಿಸಿ ಹೇಳುವ, ಸಗಣಿ ನೋಡಿ ಹಸುವಿನ ಹೊಟ್ಟೆಯ ಸ್ಥಿತಿ ಹೇಳುವ, ಸ್ತ್ರೀಶಕ್ತಿ ಗುಂಪಿನ ಬಡ್ಡಿ ಲೆಕ್ಕ ಬಾಯಲ್ಲೇ ಹಾಕುವ ಹೆಣ್ಣುಮಕ್ಕಳಿಗೆ ನಾಲ್ಕು ಅಂಕಿ ಓದುವುದು ಕಷ್ಟವಲ್ಲ. ಕೇಂದ್ರ ಸರ್ಕಾರದ ಸ್ಟೆಪ್ ಯೋಜನೆಯಡಿ ನಮ್ಮ ರಾಜ್ಯದಲ್ಲಿ ಕಟ್ಟಿದ ಮಹಿಳಾ ಸಂಘಗಳಲ್ಲಿ ಕಾರ್ಯದರ್ಶಿಯಿಂದ ಅಧ್ಯಕ್ಷೆಯವರೆಗೆ ಹೆಣ್ಣುಮಕ್ಕಳೇ ಹಾಲು ಪರೀಕ್ಷಿಸಿ, ಲೆಕ್ಕ ಬರೆದು ನಡೆಸಿದ್ದಾರೆ. ತಿಳಿಯದಿರುವುದು ಹೆಂಗಸರಿಗಲ್ಲ. ಯಂತ್ರದ ಮುಖ ಕಾರ್ಯದರ್ಶಿಯ ಕಡೆಗೆ ತಿರುಗಿದ್ದರೆ, ಚೀಟಿ ಇಂಗ್ಲಿಷಿನಲ್ಲಿ ಮುದ್ರಣವಾದರೆ ಯಾರಿಗೂ ತಿಳಿಯುವುದಿಲ್ಲ.

ಮೆಸೇಜು ಯಾರ ಫೋನಿಗೆ?

ಈಗ ಹಾಲು ಹಾಕಿದ ತಕ್ಷಣ ಮೊಬೈಲಿಗೆ ಮೆಸೇಜು ಬರುವ ವ್ಯವಸ್ಥೆ ಎಷ್ಟೋ ಕಡೆ ಇದೆ. ದುಡ್ಡು ನೇರ ಬ್ಯಾಂಕ್ ಖಾತೆಗೆ ಹೋಗುತ್ತದೆ. ಸರ್ಕಾರದ ಪ್ರೋತ್ಸಾಹಧನವೂ ಅದೇ ಲೀಟರ್ ಲೆಕ್ಕದ ಮೇಲೆ ಖಾತೆಗೆ ಬರುತ್ತದೆ. ಒಳ್ಳೆಯದೇ. ಆದರೆ ಆ ಮೊಬೈಲ್ ನಂಬರು ಯಾರದು, ಆ ಖಾತೆ ಯಾರದು ಎಂದು ನೋಡಿ. ಹಾಲು ಕರೆಯುವವಳು, ಹೊತ್ತು ತರುವವಳು, ಸಾಲಿನಲ್ಲಿ ನಿಲ್ಲುವವಳು ಒಬ್ಬಳು. ಸದಸ್ಯತ್ವ, ಫೋನು, ಖಾತೆ ಮನೆಯ ಯಜಮಾನರ ಹೆಸರಲ್ಲಿ. ಮೊದಲು ಬಟವಾಡೆಯ ದಿನ ರೊಕ್ಕ ಅವಳ ಕೈಗೆ ಬಂದು, ಅಲ್ಲಿಂದ ಮನೆಗೆ ಹೋಗುತ್ತಿತ್ತು. ಮಗುವಿನ ಪುಸ್ತಕಕ್ಕೋ ಮಾತ್ರೆಗೋ ಒಂದಿಷ್ಟು ಎತ್ತಿಡಲು ದಾರಿಯಿತ್ತು. ಈಗ ಅವಳ ಕೈಗೆ ಬರುವುದು ಚೀಟಿ ಮಾತ್ರ.

ಇದು ಯಂತ್ರದ ತಪ್ಪಲ್ಲ. ಯಂತ್ರಕ್ಕೆ ನಾವು ಯಾವ ಹೆಸರು, ಯಾವ ನಂಬರು ಕೊಟ್ಟಿದ್ದೇವೋ ಅದಕ್ಕೆ ಕಳಿಸುತ್ತದೆ. ಆದ್ದರಿಂದ ಕೇಳಬೇಕಾದ್ದು ಯಂತ್ರವನ್ನಲ್ಲ, ಸಂಘವನ್ನು ಮತ್ತು ಮನೆಯವರನ್ನು. ಹಾಲು ಹಾಕುವವಳ ಹೆಸರಲ್ಲೇ ಸದಸ್ಯತ್ವ, ಅವಳ ಫೋನಿಗೇ ಮೆಸೇಜು, ಅವಳ ಖಾತೆಗೇ ಹಣ. ಇದರಲ್ಲಿ ಮನೆಯವರಿಗೆ ನಷ್ಟವಿಲ್ಲ. ದಿನದಿನದ ಹಾಲಿನ ಲೆಕ್ಕ ಹೆಣ್ಣುಮಗಳ ಹೆಸರಿನಲ್ಲಿದ್ದರೆ ಅದು ಅವಳ ಆದಾಯದ ದಾಖಲೆ. 2018-19ರ ಬಜೆಟ್ಟಿನಲ್ಲಿ ಹೈನುಗಾರರಿಗೂ ಕಿಸಾನ್ ಕ್ರೆಡಿಟ್ ಕಾರ್ಡ್ ವಿಸ್ತರಿಸಿದ ಮೇಲೆ, ಭೂಮಿ ಹೆಸರಲ್ಲಿಲ್ಲದ ಹೆಣ್ಣುಮಗಳಿಗೂ ಬ್ಯಾಂಕಿನ ಮುಂದೆ ಇಡಲು ಒಂದು ಕಾಗದ ಬೇಕಲ್ಲ? ಆ ಕಾಗದ ಇದೇ.

ಹೊಸ ಸಾಮಾನು ಕೊಳ್ಳುವ ಮುನ್ನ

ಈಗ ಹಸುವಿನ ಕೊರಳಿಗೆ, ಕಾಲಿಗೆ ಕಟ್ಟುವ ಯಂತ್ರಗಳ ಮಾತು ಕೇಳಿಬರುತ್ತಿದೆ. ಹಸು ಎಷ್ಟು ನಡೆಯಿತು, ಎಷ್ಟು ಮೆಲುಕು ಹಾಕಿತು ಎಂದು ಲೆಕ್ಕವಿಟ್ಟು, ಬೆದೆಗೆ ಬಂದಿದೆ, ಹುಷಾರಿಲ್ಲ ಎಂದು ಫೋನಿಗೆ ಹೇಳುತ್ತವೆ. ಉಪಯೋಗ ಇಲ್ಲ ಎನ್ನಲಾರೆ. ಬೆದೆ ಬರುವುದು ಸುಮಾರು 21 ದಿನಕ್ಕೊಮ್ಮೆ, ಇರುವುದು ಹೆಚ್ಚೆಂದರೆ ಒಂದು ದಿನ, ಎಷ್ಟೋ ಸಲ ರಾತ್ರಿ ಹೊತ್ತು. ಒಂದು ಬೆದೆ ತಪ್ಪಿದರೆ ಇನ್ನೂ 21 ದಿನದ ಮೇವು ದಂಡ. ಐವತ್ತು ಹಸು ಬಿಟ್ಟು ಸಾಕುವವರಿಗೆ ಇಂಥ ಯಂತ್ರ ಕಣ್ಣಾಗಬಹುದು.

ಆದರೆ ನಮ್ಮಲ್ಲಿ ಹೆಚ್ಚಿನವರ ಬಳಿ ಇರುವುದು ಒಂದೆರಡು ಹಸು, ಅದೂ ಗೂಟಕ್ಕೆ ಕಟ್ಟಿದ್ದು. ಕಟ್ಟಿದ ಹಸು ನಡೆಯುವುದೆಷ್ಟು, ಯಂತ್ರ ಎಣಿಸುವುದೇನು? ಬೆಳಿಗ್ಗೆ ಎದ್ದಾಗ, ರಾತ್ರಿ ಮಲಗುವ ಮುನ್ನ ಹಿಂಭಾಗದ ಲೋಳೆ ನೋಡುವ ಅಭ್ಯಾಸ, ಕ್ಯಾಲೆಂಡರಿನ ಮೇಲೆ ಒಂದು ಗುರುತು, ಇಷ್ಟು ನಮ್ಮ ಮಟ್ಟಕ್ಕೆ ಸಾಕು. ಕೊರಳಿಗೆ ಕಟ್ಟುವ ಯಂತ್ರಕ್ಕೆ ಸಾಲ ಮಾಡುವ ಮುಂಚೆ ಸಂಘದ ಮೇಜಿನ ಮೇಲಿರುವ ಯಂತ್ರ ಸರಿಯಿದೆಯೇ ನೋಡೋಣ. ಅದು ಎಲ್ಲ ಸದಸ್ಯರ ಹಾಲನ್ನು ದಿನಕ್ಕೆರಡು ಬಾರಿ ಅಳೆಯುತ್ತದೆ. ಅಲ್ಲಿ ಖರ್ಚು ಮಾಡಿದ ರೂಪಾಯಿ ಎಲ್ಲರಿಗೂ ಹಂಚುತ್ತದೆ.

ಬಿ.ಎಂ.ಸಿ.ಯ ಮಾತೂ ಇದೇ. ಕೆಚ್ಚಲಿನಿಂದ ಬಂದಾಗ ಹಾಲು ನಮ್ಮ ಮೈಯಷ್ಟೇ ಬಿಸಿ. ಅದನ್ನು ಬೇಗ 4 ಡಿಗ್ರಿಗೆ ಇಳಿಸಿದರೆ ಮಾತ್ರ ಕೀಟಾಣು ಬೆಳೆಯುವುದು ಬಹಳ ನಿಧಾನವಾಗುತ್ತದೆ. ಟ್ಯಾಂಕಿನ ಉಷ್ಣತೆ ಹೇಳುವ ಸಣ್ಣ ಪರದೆ ಹೊರಗೇ ಇರುತ್ತದೆ. ಕರೆಂಟು ಹೋದಾಗ ಜನರೇಟರ್ ಹಾಕಿದರೋ ಇಲ್ಲವೋ ಎನ್ನುವುದಕ್ಕೆ ಅದೇ ಸಾಕ್ಷಿ. ನೂರು ಮನೆಯ ಹಾಲು ಒಂದೇ ಟ್ಯಾಂಕಿನಲ್ಲಿದೆ, ಅದರ ಮೇಲೊಂದು ಕಣ್ಣಿರಲಿ.

ಮಾಡಬೇಕಾದ್ದು

ಸಂಘದಿಂದ ಆಗಬೇಕಾದ್ದು: ತೂಕದ ಮತ್ತು ಪರೀಕ್ಷಾ ಯಂತ್ರದ ಪರದೆ ಹಾಲು ಹಾಕುವವರ ಕಡೆಗೂ ಕಾಣಲಿ. ಚೀಟಿ ಕನ್ನಡದಲ್ಲಿರಲಿ, ತೂಕ, ಫ್ಯಾಟು, ಎಸ್.ಎನ್.ಎಫ್., ದರ, ಮೊತ್ತ ಐದೂ ಇರಲಿ. ಮುದ್ರಣ ಬೇಗ ಮಾಸಿಹೋಗುವ ಕಾಗದವಾದರೆ ಪಾಸ್ ಪುಸ್ತಕದಲ್ಲೂ ಬರೆದುಕೊಡಲಿ. ಪ್ರತಿ ಹೊತ್ತಿನ ಕೊನೆಗೆ ಯಂತ್ರ ತೊಳೆದ ಬಗ್ಗೆ ಒಂದು ಪುಸ್ತಕದಲ್ಲಿ ಸಹಿ ಇರಲಿ.

ಒಕ್ಕೂಟದಿಂದ ಆಗಬೇಕಾದ್ದು: ಗರ್ಬರ್ ಪರೀಕ್ಷೆಯ ಸಾಮಾನು ಸಂಘದಿಂದ ಹೋಗದಿರಲಿ. ವಾರಕ್ಕೊಮ್ಮೆ ಸದಸ್ಯರು ಆರಿಸಿದ ಎರಡು ಮೂರು ಮಾದರಿಗಳನ್ನು ಎರಡೂ ವಿಧಾನದಲ್ಲಿ ಪರೀಕ್ಷಿಸಿ, ಎರಡೂ ಅಂಕಿಯನ್ನು ಹಲಗೆಯ ಮೇಲೆ ಬರೆಯಲಿ. ವಿಸ್ತರಣಾಧಿಕಾರಿಗಳು ಬಂದಾಗ ಯಂತ್ರದ ಹೊಂದಾಣಿಕೆ ನೋಡಿದ ದಿನಾಂಕ ಗೋಡೆಯ ಮೇಲೆ ಅಂಟಿಸಲಿ. ಅಂಕಿಯ ಬಗ್ಗೆ ತಕರಾರು ಬಂದರೆ ಅದೇ ಹೊತ್ತಿಗೆ ಮರುಪರೀಕ್ಷೆ, ಅದೂ ಒಪ್ಪದಿದ್ದರೆ ಕೊಟ್ಟಿಗೆಯಲ್ಲಿ ಪರೀಕ್ಷೆ ಎಂಬ ನಿಯಮ ಬರಲಿ.

ನಮ್ಮಿಂದ ಆಗಬೇಕಾದ್ದು: ಹಾಲನ್ನು ನೊರೆ ಇಳಿಸಿ, ಸೋಸಿ ತರೋಣ. ಮಾದರಿ ತೆಗೆಯುವ ಮುನ್ನ ಕಲಕಿಸೋಣ. ಚೀಟಿಯನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಂದು ಒಲೆಗೆ ಹಾಕದೆ ತಿಂಗಳವರೆಗೆ ದಾರಕ್ಕೆ ಪೋಣಿಸಿಡೋಣ. ಅಂಕಿ ಒಂದು ದಿನ ಏರಿಳಿದರೆ ಗಾಬರಿ ಬೇಡ, ಒಂದು ವಾರ ಒಂದೇ ಕಡೆ ಜಾರಿದರೆ ಸುಮ್ಮನಿರುವುದು ಬೇಡ. ಲೀಟರಿಗೆ ಒಂದು ರೂಪಾಯಿ ಕಡಿಮೆಯಾದರೂ ದಿನಕ್ಕೆ 10 ಲೀಟರ್ ಹಾಕುವವಳಿಗೆ ವರ್ಷಕ್ಕೆ 3,650 ರೂಪಾಯಿ. ಕೇಳುವುದಕ್ಕೆ ನಾಚಿಕೆ ಪಡುವಷ್ಟು ಸಣ್ಣ ಮೊತ್ತವಲ್ಲ ಅದು.

ವಾರ್ಷಿಕ ಮಹಾಸಭೆಯಲ್ಲಿ ಬೋನಸ್ ಎಷ್ಟು ಎಂದು ಎಲ್ಲರೂ ಕೇಳುತ್ತೇವೆ. ಈ ಸಲ ಅದಕ್ಕೆ ಮೊದಲು ಮೂರು ಪ್ರಶ್ನೆ ಕೇಳೋಣ. ತೂಕದ ಯಂತ್ರಕ್ಕೆ ಮುದ್ರೆ ಹಾಕಿಸಿದ್ದು ಯಾವಾಗ? ಪರೀಕ್ಷಾ ಯಂತ್ರವನ್ನು ಗರ್ಬರ್ ಜೊತೆ ತಾಳೆ ನೋಡಿದ್ದು ಯಾವಾಗ? ಈ ಸಂಘಕ್ಕೆ ಹಾಲು ತರುವ ಹೆಣ್ಣುಮಕ್ಕಳಲ್ಲಿ ಎಷ್ಟು ಜನರ ಸ್ವಂತ ಹೆಸರಿನ ಖಾತೆಗೆ ಹಣ ಹೋಗುತ್ತಿದೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿಸಿ ಕೇಳಿ, ಆಮೇಲೆ ಸಹಿ ಹಾಕೋಣ.